ಬೀದಿಯುದ್ದ ಮಲಗಿದವಳು

ಅತ್ತಿಗೆ ನಮ್ಮ ಮನೆಗೆ ಬಂದದ್ದು ಏಣಿಯ ಸಮೇತ. ರಿಜಿಸ್ಟರ್ ಮದುವೆ ಮುಗಿಸಿಕೊಂಡು ಅವರಿಬ್ಬರೂ ಬಾಡಿಗೆ ಗಾಡಿಯಿಂದ ಇಳಿದಾಗ ಅಣ್ಣನ ಎರಡೂ ಕೈಯಲ್ಲಿ ಸೂಟ್‌ಕೇಸು, ಅವಳ ಹೆಗಲ ಮೇಲೆ ಬಣ್ಣ ಮೆತ್ತಿದ ಮರದ ಏಣಿ. ಅಪ್ಪ ಮೆಟ್ಟಿಲ ಮೇಲೆ ನಿಂತು ನೋಡಿದರು.

"ಇದನ್ನ ಎಲ್ಲಿ ಇಡ್ತೀಯಮ್ಮ?"

"ಇಡೋಕಲ್ಲ ಮಾವ, ಹತ್ತೋಕೆ" ಅಂದಳು ಅವಳು.

ಅಮ್ಮ ನಗು ತಡೆಯಲಾಗದೆ ಒಳಗೆ ಓಡಿದಳು. ಆ ಕ್ಷಣದಿಂದಲೇ ಅತ್ತೆ ಸೊಸೆ ಒಂದು ಪಕ್ಷ ಆದರು ಅಂತ ನನ್ನ ಲೆಕ್ಕ.

ಅತ್ತಿಗೆ ನಾಟಕದ ಪರದೆ ಬರೆಯುವವಳು. ಕಾಡು, ಅರಮನೆ, ರೈಲು ನಿಲ್ದಾಣ, ಏನು ಬೇಕಾದರೂ ಎರಡಾಳೆತ್ತರದ ಬಟ್ಟೆಯ ಮೇಲೆ ಎಬ್ಬಿಸಿ ನಿಲ್ಲಿಸುತ್ತಿದ್ದಳು. ಅವಳು ಕೆಲಸ ಮಾಡುತ್ತಿದ್ದ ರಂಗಮಂದಿರವನ್ನು ಯಾರೋ ಕೊಂಡು ಕಾರು ನಿಲ್ಲಿಸುವ ಜಾಗ ಮಾಡಿಬಿಟ್ಟರು. ಅಲ್ಲಿಂದಾಚೆ ಅವಳ ಕೈಗೆ ಕೆಲಸವಿರಲಿಲ್ಲ. ಸುಮ್ಮನಿರುವ ಕೈಯಂತೂ ಅದಲ್ಲ. ಬಂದ ಒಂದು ವಾರದೊಳಗೆ ನಮ್ಮ ಬಚ್ಚಲಿನ ಬಾಗಿಲ ಮೇಲೆ ಸಮುದ್ರ ಬಂದಿತ್ತು. ಮೊದಲ ದಿನ ಅಪ್ಪ ಬಾಗಿಲು ತೆಗೆಯಲು ಹೋಗಿ ಕೈ ಹಿಂದಕ್ಕೆ ಎಳೆದುಕೊಂಡರು.

ಅಪ್ಪ ಗಡಿಯಾರ ರಿಪೇರಿ ಮಾಡುವವರು. ಬೀದಿಯವರೆಲ್ಲ ಅವರಿಗೆ 'ಸೆಕೆಂಡ್ ಮುಳ್ಳು' ಎಂದು ಹೆಸರಿಟ್ಟಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಖಾಲಿ ರಸ್ತೆಯಲ್ಲೂ ಸಿಗ್ನಲ್ಲಿನ ಕೆಂಪು ದೀಪ ಹಸಿರಾಗುವ ತನಕ ಕಾಯುವ ಮನುಷ್ಯ. ಅಂಗಡಿಯಲ್ಲಿ ಸೆಲ್ ಬದಲಾಯಿಸುವುದು, ಬೆಲ್ಟ್ ಕೂರಿಸುವುದು ಮಗಳಾದ ನನ್ನ ಕೆಲಸವಾದ್ದರಿಂದ ದಿನಾ ಅವರ ಪಕ್ಕದಲ್ಲಿ ನಾನೂ ಕಂಬದಂತೆ ನಿಂತು ಕಾಯಬೇಕಾಗುತ್ತಿತ್ತು. ಹಿಂದಿನಿಂದ ಬಂದವರು ನಮ್ಮನ್ನು ಬಳಸಿಕೊಂಡು ದಾಟಿ ಹೋಗುತ್ತಿದ್ದರು. ಅಪ್ಪ ಅವರತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಇನ್ನು ಅಮ್ಮ. ಮನೆಯ ಕೆಲಸದ ಜೊತೆಗೆ ಟೈಲರ್ ಅಂಗಡಿಯ ಅಂಗಿಗಳಿಗೆ ಕಾಜಾ, ಗುಂಡಿ ಹಾಕಿಕೊಡುತ್ತಿದ್ದಳು. ಅಮ್ಮ ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಬಸ್ಸಿನಲ್ಲಿ ಮಾತ್ರ, ಅದೂ ಸೀಟು ಸಿಕ್ಕಿದರೆ.

ಅತ್ತಿಗೆ ಬಂದ ವರ್ಷವೇ ನಗರಸಭೆಯವರು ಪೇಟೆಯ ಅಂಗಡಿಗಳಿಗೆಲ್ಲ ಒಂದೇ ಬಣ್ಣ ಎಂದು ನಿಯಮ ತಂದರು. ಗೋಡೆ, ಬಾಗಿಲು, ಶಟರು ಎಲ್ಲವೂ ಬೂದಿ ಬಣ್ಣ. ನಗರ ಶಿಸ್ತಾಗಿ ಕಾಣಬೇಕಂತೆ. ಬೇರೆ ಬಣ್ಣ, ಚಿತ್ರ, ಬರಹ ಏನೂ ಕೂಡದು. ಅಂಗಡಿಯ ಹೆಸರಿನ ಫಲಕಕ್ಕೆ ಮಾತ್ರ ವಿನಾಯಿತಿ. ಇದನ್ನು ನೋಡಿಕೊಳ್ಳಲು ಬಂದ ಅಧಿಕಾರಿಗೆ ಬೀದಿ ಮರುದಿನವೇ 'ಬೂದಿ ಸಾಹೇಬರು' ಎಂದು ನಾಮಕರಣ ಮಾಡಿತು. ಅಪ್ಪ ಆಗ ಬೀದಿಯ ವ್ಯಾಪಾರಿಗಳ ಸಂಘದ ಕಾರ್ಯದರ್ಶಿ. ಬೂದಿ ಬಣ್ಣದ ಡಬ್ಬ ಹಿಡಿದು ಅಂಗಡಿಯಿಂದ ಅಂಗಡಿಗೆ ತಾವೇ ಓಡಾಡಿ, ಒಂದು ಅಂಗುಲವೂ ಬಿಡದ ಹಾಗೆ ಬಳಿಸಿದರು.

ಎಲ್ಲರಿಗಿಂತ ಮೊದಲು ಗೊಣಗಿದವನು ಬೀದಿಯ ತುದಿಯ ಕ್ಷೌರದಂಗಡಿಯವನು. "ಬೆಳಿಗ್ಗೆ ಬಂದು ಶಟರ್ ನೋಡಿದ್ರೆ ಜೈಲಿಗೆ ಬಂದ ಹಾಗೆ ಆಗುತ್ತಮ್ಮ" ಎಂದು ಒಂದು ದಿನ ಅತ್ತಿಗೆಯ ಹತ್ತಿರ ಅಂದ. ಅವನ ವಾರದ ರಜೆಯ ದಿನ ಮುಂಜಾನೆ ಅವಳು ಏಣಿ ಹೊತ್ತುಕೊಂಡು ಹೋದಳು. ಸಂಜೆಗೆ ಅವನ ಶಟರಿನ ಮೇಲೆ ಕಪ್ಪು, ನೀಲಿ ಎಳೆಗಳು ಬಳುಕುತ್ತಾ ಹರಿದಿದ್ದವು. ಅವನು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದ. "ಜಲಪಾತ! ನನ್ನ ಅಂಗಡಿಗೆ ಜಲಪಾತ ಬಂತು" ಎಂದು ಎಲ್ಲರಿಗೂ ಹೇಳಿಕೊಂಡು ಬಂದ.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ತಟ್ಟೆಗೆ ಕೈ ಹಾಕಲಿಲ್ಲ.

"ನಿಯಮ ಏನು ಅಂತ ಗೊತ್ತಿಲ್ವಾ ನಿನಗೆ?"

"ಗೊತ್ತು ಮಾವ."

"ಗೊತ್ತಿದ್ದೂ ಮಾಡಿದ್ಯಾ?"

"ಗೊತ್ತಿರೋದಕ್ಕೇ ಮಾಡಿದೆ."

ಅಣ್ಣ ಕೆಮ್ಮಿದ. ಅಮ್ಮ ಅಪ್ಪನ ತಟ್ಟೆಗೆ ಇನ್ನಷ್ಟು ಬಡಿಸಿದಳು, ಬಾಯಿ ತುಂಬಿದರೆ ಮಾತು ನಿಲ್ಲಬಹುದೆಂದು. ನಿಲ್ಲಲಿಲ್ಲ.

"ನಿಮ್ಮ ರಂಗಮಂದಿರ ಕೆಡವಿದ್ರು. ಆ ಸಿಟ್ಟನ್ನ ನಮ್ಮ ಬೀದಿ ಮೇಲೆ ತೀರಿಸ್ಕೋತಿದೀಯಾ?"

"ಸಿಟ್ಟಲ್ಲಿ ಗೆರೆ ನೆಟ್ಟಗೆ ಬರಲ್ಲ ಮಾವ" ಎಂದಳು ಅತ್ತಿಗೆ. "ಇಷ್ಟು ದೊಡ್ಡ ಪೇಟೆ. ಸಾವಿರಾರು ಜನ ಓಡಾಡ್ತಾರೆ. ಅವರ ಕಣ್ಣಿಗೆ ಏನು ಹಾಕಬೇಕು ಅಂತ ಒಂದು ಕೋಣೇಲಿ ಕೂತ ನಾಲ್ಕು ಜನ ಯಾಕೆ ತೀರ್ಮಾನ ಮಾಡ್ಬೇಕು? ನನ್ನನ್ನೂ ಒಂದು ಮಾತು ಕೇಳ್ಬಹುದಿತ್ತು. ಕೇಳಲಿಲ್ಲ. ಅದಕ್ಕೆ ನಾನಾಗೇ ಹೇಳ್ತಿದೀನಿ."

"ನನ್ನ ಶಟರ್ ಮುಟ್ಟಬಾರ್ದು."

"ನೀವು ಹೇಳೋ ತನಕ ಮುಟ್ಟಲ್ಲ."

ಅಷ್ಟಕ್ಕೆ ಮಾತು ಮುಗಿಯಿತು. ಅಪ್ಪ ನಗರಸಭೆಗೆ ದೂರು ಕೊಡುವರೇನೋ ಎಂದು ನನಗೆ ಎರಡು ಮೂರು ದಿನ ಭಯವಿತ್ತು. ಕೊಡಲಿಲ್ಲ. ಆದರೆ ಬೀದಿಯಲ್ಲಿ ನಡೆಯುವಾಗ ತಲೆ ತಗ್ಗಿಸಿಕೊಂಡು ನಡೆಯತೊಡಗಿದರು. ಕಾಣದೇ ಇದ್ದರೆ ಕಾರ್ಯದರ್ಶಿಯಾಗಿ ಏನೂ ಮಾಡಬೇಕಾಗಿಲ್ಲವಲ್ಲ.

ಕ್ಷೌರದಂಗಡಿಯವನ ನಂತರ ಬೇಕರಿಯವನು ಕೇಳಿದ, ಆಮೇಲೆ ಔಷಧಿ ಅಂಗಡಿಯಾಕೆ, ರೇಡಿಯೋ ರಿಪೇರಿಯವನು, ಟೈಲರು, ಕಟ್ಟಕಡೆಗೆ ಬೀದಿಯ ಇನ್ನೊಂದು ತುದಿಯ ಚಪ್ಪಲಿ ಅಂಗಡಿಯವನು. ಒಬ್ಬೊಬ್ಬರ ರಜೆ ಒಂದೊಂದು ದಿನ. ಒಬ್ಬರು ಬೆಳಿಗ್ಗೆ ಬೇಗ ತೆಗೆದರೆ ಇನ್ನೊಬ್ಬರು ರಾತ್ರಿ ತಡವಾಗಿ ಹಾಕುವವರು. ಶಟರು ಮೇಲೆ ಸುತ್ತಿಕೊಂಡಿದ್ದರೆ ಚಿತ್ರವೂ ಅದರ ಜೊತೆ ಸುತ್ತಿಕೊಂಡು ಅಡಗಿರುತ್ತಿತ್ತು. ಹಾಗಾಗಿ ಬೂದಿ ಸಾಹೇಬರು ಕಚೇರಿ ಸಮಯದಲ್ಲಿ ಎಷ್ಟು ಸಲ ಸುತ್ತು ಹಾಕಿದರೂ ಅವರ ಕಣ್ಣಿಗೆ ಬಿದ್ದದ್ದು ಬೂದಿ ಗೋಡೆ, ಬೂದಿ ಕಂಬ. "ನಿಮ್ಮ ಬೀದಿ ಎಲ್ಲರಿಗೂ ಮಾದರಿ" ಎಂದು ಅಪ್ಪನ ಕೈ ಕುಲುಕಿ ಹೋಗುತ್ತಿದ್ದರು. ಅಪ್ಪನ ಕಿವಿ ಕೆಂಪಾಗುತ್ತಿತ್ತು.

ಅಂಗಡಿಯವರಲ್ಲಿ ಒಬ್ಬರಿಗೂ ತಮ್ಮ ಶಟರಿನ ಚಿತ್ರ ಏನೆಂದು ಸರಿಯಾಗಿ ಗೊತ್ತಿರಲಿಲ್ಲ. ಬೇಕರಿಯವನು ಅದನ್ನು ಬನ್ನು ಎಂದು ನಂಬಿದ್ದ. ಗುಂಡಗೆ, ಕಂದುಬಣ್ಣಕ್ಕೆ, ಉಬ್ಬಿಕೊಂಡಿತ್ತು. ರೇಡಿಯೋದವನು ತನ್ನದು ಗುಡ್ಡದ ಇಳಿಜಾರು ಎನ್ನುತ್ತಿದ್ದ. ಔಷಧಿ ಅಂಗಡಿಯಾಕೆ "ಎಲ್ಲಿಗೋ ಹೋಗೋ ದಾರಿ" ಎಂದಳು. ಟೈಲರನದು ಬಟ್ಟೆಯ ನೆರಿಗೆ, ಅದರಲ್ಲಿ ಅನುಮಾನವಿರಲಿಲ್ಲ. ಚಪ್ಪಲಿ ಅಂಗಡಿಯವನದಂತೂ ಎರಡು ಪಾದ, ಒಂದರ ಮೇಲೊಂದು ಇಟ್ಟಿದ್ದು. "ನನ್ನೊಬ್ಬನ ವ್ಯಾಪಾರ ಮಾತ್ರ ಸರಿಯಾಗಿ ತಿಳ್ಕೊಂಡಿದಾಳೆ" ಎಂದು ಅವನಿಗೆ ಹೆಮ್ಮೆ.

ಮಳೆಗಾಲ ಶುರುವಾಗುವ ಹೊತ್ತಿಗೆ, ಬೆಳಗಿನ ವಾಕಿಂಗಿಗೆ ಬರುವ ಯಾರೋ ಒಬ್ಬರು ನಗರಸಭೆಗೆ ದೂರು ಕೊಟ್ಟರು. ಬೂದಿ ಸಾಹೇಬರಿಗೆ ಅವಮಾನವಾಗಿರಬೇಕು. ಮಾದರಿ ಬೀದಿ ಎಂದು ಅವರೇ ನಾಲ್ಕು ಕಡೆ ಹೇಳಿಕೊಂಡು ಬಂದಿದ್ದರು. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ತನಿಖೆ, ಅಷ್ಟು ಹೊತ್ತಿಗೆ ಬೀದಿಯ ಎಲ್ಲ ಅಂಗಡಿಗಳೂ ಒಟ್ಟಿಗೆ ಶಟರು ಎಳೆದಿರಬೇಕು ಎಂದು ಅಪ್ಪನಿಗೆ ಫೋನು ಮಾಡಿ ಅಪ್ಪಣೆ ಕೊಟ್ಟರು. ಅಪ್ಪ ಸುದ್ದಿಯನ್ನು ಮನೆಯಲ್ಲಿ ಹೇಳಿದಾಗ ಅತ್ತಿಗೆ ಹೆದರುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಬೆಳಗಿತು.

"ಎಲ್ಲಾ ಒಟ್ಟಿಗಾ? ಹಗಲು ಹೊತ್ತಲ್ಲಾ?" ಎಂದಳು. ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದವಳು ಒಮ್ಮೆ ತಲೆಯೆತ್ತಿ ಸೊಸೆಯನ್ನು ನೋಡಿ ಮತ್ತೆ ಬಗ್ಗಿದಳು. ಅದರ ಅರ್ಥ ನನಗೆ ಆಗ ಆಗಲಿಲ್ಲ.

ಬುಧವಾರ ಬೂದಿ ಸಾಹೇಬರು ಒಬ್ಬ ಸಹಾಯಕನನ್ನು, ಒಬ್ಬ ಕ್ಯಾಮೆರಾದವನನ್ನು ಕರೆದುಕೊಂಡು ಬಂದರು. ಗಿರಾಕಿಗಳನ್ನೆಲ್ಲ ಹೊರಗೆ ಕಳಿಸಲಾಯಿತು. ಅಪ್ಪ ತಮ್ಮ ಕೈಗಡಿಯಾರ ನೋಡಿಕೊಂಡು ಕೈ ಎತ್ತಿದರು. ಶಟರುಗಳು ಒಂದರ ಹಿಂದೊಂದು ಗಡಗಡ ಎನ್ನುತ್ತಾ ಇಳಿದವು.

ಬೀದಿಯಲ್ಲಿ ನಿಂತವರಿಗೆ ಮೊದಲು ಏನೂ ತಿಳಿಯಲಿಲ್ಲ. ಎದುರುಗಡೆಯ ಕಟ್ಟಡದ ಮೂರನೇ ಮಹಡಿಯ ಕಚೇರಿಯಿಂದ ಒಬ್ಬ ಹುಡುಗಿ ಕೂಗಿದಳು: "ಅಯ್ಯೋ, ಯಾರೋ ಮಲಗಿದಾರೆ!" ಕಿಟಕಿಗಳೆಲ್ಲ ತೆರೆದುಕೊಂಡವು. ನಾನು ರಸ್ತೆ ದಾಟಿ ಆಚೆ ಫುಟ್‌ಪಾತಿಗೆ ಓಡಿ, ತಿರುಗಿ ನೋಡಿದೆ.

ಒಬ್ಬ ಹೆಂಗಸು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ಒಂದು ಮಗ್ಗುಲಾಗಿ, ಯಾರ ಹಂಗೂ ಇಲ್ಲದವಳ ಹಾಗೆ ಮೈಚೆಲ್ಲಿ ಮಲಗಿದ್ದಳು. ಕ್ಷೌರದಂಗಡಿಯ ಜಲಪಾತ ಅವಳ ಬಿಚ್ಚಿದ ಕೂದಲು. ಗುಡ್ಡದ ಇಳಿಜಾರು ಅವಳ ಭುಜ. ಎಲ್ಲಿಗೋ ಹೋಗುವ ದಾರಿ ಅವಳ ನೀಳವಾದ ತೋಳು. ಬೇಕರಿಯವನ ಬನ್ನು ಅವಳ ಸೊಂಟ. ಬೇಕರಿಯವನು ಅದನ್ನು ಕಂಡು ನಾಲಿಗೆ ಕಚ್ಚಿಕೊಂಡು ಟೋಪಿ ತೆಗೆದ. ಟೈಲರನ ಶಟರಿನಲ್ಲಿ ಮೊಣಕಾಲ ಮೇಲೆ ಇಳಿಬಿದ್ದ ನೆರಿಗೆ. ತುದಿಯಲ್ಲಿ ಪಾದಗಳು. ಅಷ್ಟು ಬಸ್ಸು, ಅಷ್ಟು ಗದ್ದಲ, ಅಷ್ಟು ಅವಸರದ ಪೇಟೆಯ ನಡುವೆ ಅವಳೊಬ್ಬಳಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ.

ಅತ್ತಿಗೆ ನನ್ನ ಪಕ್ಕದಲ್ಲಿ ನಿಂತಿದ್ದಳು. ಅವಳೂ ಅದನ್ನು ಇಡಿಯಾಗಿ ನೋಡುತ್ತಿದ್ದುದು ಅದೇ ಮೊದಲು. ನಾಟಕದ ಪರದೆ ಬರೆದವಳಿಗೆ, ಮೂಗಿನ ತುದಿಯಲ್ಲಿ ಬರೆದದ್ದು ದೂರದಲ್ಲಿ ಏನಾಗಿ ಕಾಣುತ್ತದೆಂದು ಗೊತ್ತಿರುತ್ತದೆ. ಆದರೂ ಅವಳು ಕೂದಲಿನಿಂದ ಪಾದದವರೆಗೆ ಮತ್ತೆ ಮತ್ತೆ ಕಣ್ಣು ಹಾಯಿಸಿದಳು.

ಕೂದಲಿಗೂ ಭುಜಕ್ಕೂ ನಡುವೆ ಒಂದೇ ಒಂದು ಶಟರು ಬೋಳು ಬೂದಿ. ಅದು ನಮ್ಮದು. ಹೆಂಗಸಿಗೆ ಮುಖವಿರಲಿಲ್ಲ.

"ಮುಖ ಎಲ್ಲಿ?" ಎಂದು ಯಾರೋ ಕೂಗಿದರು. "ಸೆಕೆಂಡ್ ಮುಳ್ಳಿನ ಅಂಗಡೀಲಿ ಸಿಕ್ಕಾಕೊಂಡಿದೆ" ಎಂದ ರೇಡಿಯೋದವನು. ಜನ ನಕ್ಕರು.

ಅಪ್ಪ ನಗಲಿಲ್ಲ. ತಲೆ ತಗ್ಗಿಸಿ ನಡೆದು ರೂಢಿಯಾಗಿದ್ದವರು ಅಂದು ತಲೆಯೆತ್ತಿ, ಬೀದಿಯ ಉದ್ದಕ್ಕೂ ನಿಧಾನವಾಗಿ ನಡೆದರು. ಚಪ್ಪಲಿ ಅಂಗಡಿಯ ಮುಂದೆ ನಿಂತುಬಿಟ್ಟರು. ನಾನು ಹತ್ತಿರ ಹೋದೆ. ಬರೆದಿದ್ದ ಪಾದದಲ್ಲಿ ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ಕಾಲಿನ ಗಿಣ್ಣಿನ ಹತ್ತಿರ ಎಲೆಯಾಕಾರದ ಒಂದು ಹಳೇ ಸುಟ್ಟ ಕಲೆ. ಬಿಸಿ ಎಣ್ಣೆ ಸಿಡಿದು ಆದದ್ದು. ನಾನು ಹುಟ್ಟುವ ಮೊದಲಿನದು.

"ಇದು ನಿಮ್ಮಮ್ಮನ ಕಾಲು" ಅಂದರು ಅಪ್ಪ.

ಆಗ ನನಗೆ ಎಲ್ಲ ಹೊಳೆಯಿತು. ನಾವಿಬ್ಬರೂ ಅಂಗಡಿಯಲ್ಲಿರುವಾಗ, ಮಧ್ಯಾಹ್ನಗಳಲ್ಲಿ, ಅತ್ತೆ ಸೊಸೆ ತಾರಸಿಯ ಮೇಲೆ ಏನು ಮಾಡುತ್ತಿದ್ದರು ಎಂಬುದು. ಅಮ್ಮ ಮಲಗಿದ್ದಾಳೆ, ಅತ್ತಿಗೆ ಬರೆದುಕೊಂಡಿದ್ದಾಳೆ. ಗುಂಡಿ ಹೊಲಿಯುವುದು ಯಾಕೆ ತಡವಾಗುತ್ತಿದೆ ಎಂದು ಟೈಲರು ಕೇಳಿದ್ದಕ್ಕೆ ಅಮ್ಮ "ಕಣ್ಣು ಮಂಜು" ಎಂದಿದ್ದಳು.

ಅಷ್ಟರಲ್ಲಿ ಬೂದಿ ಸಾಹೇಬರು ಅತ್ತಿಗೆಯ ಹತ್ತಿರ ಬಂದಿದ್ದರು. ನಿಜ ಹೇಳಬೇಕೆಂದರೆ ಕೆಟ್ಟ ಮನುಷ್ಯರಲ್ಲ. ಕ್ಯಾಮೆರಾದವನಿಗೆ ದೂರ ಹೋಗಲು ಹೇಳಿ, ಧ್ವನಿ ತಗ್ಗಿಸಿದರು. "ನೋಡಮ್ಮ, ಒಂದು ದಾರಿ ಇದೆ. ಪ್ರತಿ ಶಟರ್ ಮೇಲೂ ಅಂಗಡಿ ಹೆಸರು ಬರೆದುಬಿಡು. ಇದು ಚಿತ್ರ ಅಲ್ಲ, ನಾಮಫಲಕ ಅಂತ ನಾನು ತೋರಿಸ್ತೀನಿ. ನಿನಗೂ ತೊಂದರೆ ಇಲ್ಲ, ನನಗೂ ಇಲ್ಲ."

"ಬೇಡ ಸಾರ್" ಅಂದಳು ಅತ್ತಿಗೆ. "ಇಡೀ ಪೇಟೇಲಿ ಏನನ್ನೂ ಮಾರದೇ ಇರೋಳು ಇವಳೊಬ್ಬಳೇ. ಇವಳ ಮೈಮೇಲೂ ಅಂಗಡಿ ಹೆಸರು ಬರೀಬೇಕಾ?"

"ಹಾಗಾದ್ರೆ ನಿಯಮ ಮುರಿದಿದೀನಿ ಅಂತ ಒಪ್ಕೋತೀಯಾ?"

"ಮುರಿದಿದೀನಿ. ಅದೇನು ಕೈತಪ್ಪಿ ಆಗಿದ್ದಲ್ಲ."

ಸಾಹೇಬರು ನಿಟ್ಟುಸಿರು ಬಿಟ್ಟು, "ಸರಿ, ಶಟರ್ ತೆಗೀರಿ ಎಲ್ಲಾ, ತನಿಖೆ ಮುಗೀತು" ಎಂದು ಕೂಗಿದರು. ಒಬ್ಬಿಬ್ಬರು ಬಗ್ಗಿ ಶಟರಿನ ಹಿಡಿಗೆ ಕೈ ಹಾಕಿದರು.

"ತೆಗೀಬೇಡಿ" ಅಂದರು ಅಪ್ಪ.

ಅವರು ಜೋರಾಗಿ ಮಾತಾಡಿದ್ದನ್ನು ಬೀದಿ ಎಂದೂ ಕೇಳಿರಲಿಲ್ಲ. ಬಗ್ಗಿದವರು ಬಗ್ಗಿದಂತೆಯೇ ನಿಂತರು. ಅಪ್ಪ ನೇರ ಅತ್ತಿಗೆಯ ಎದುರಿಗೆ ಬಂದರು.

"ಅವಳನ್ನ ಬೀದೀಲಿ ಮುಖ ಇಲ್ದೆ ಮಲಗಿಸಿದೀಯಲ್ಲಮ್ಮ."

"ನೀವು ಮುಟ್ಟಬೇಡ ಅಂದಿದ್ರಿ ಮಾವ."

"ಈಗ ಹೇಳ್ತಿದೀನಿ, ಮುಟ್ಟು."

ಅತ್ತಿಗೆಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಬಣ್ಣ, ಕುಂಚ ಎಲ್ಲ ಕ್ಷೌರದಂಗಡಿಯ ಮೂಲೆಯಲ್ಲೇ ಇದ್ದವು. ಏಣಿಯನ್ನು ಅಪ್ಪನೇ ತಂದು ನಿಲ್ಲಿಸಿ, ಎರಡೂ ಕೈಯಲ್ಲಿ ಅದರ ಕಾಲು ಹಿಡಿದುಕೊಂಡರು. ಬೂದಿ ಸಾಹೇಬರಿಗೆ ನಂಬಲಾಗಲಿಲ್ಲ. "ಏನ್ರೀ ಇದು! ನೀವು ಕಾರ್ಯದರ್ಶಿ. ನನ್ನ ಕಣ್ಣೆದುರೇ ಮುರೀತೀರಾ?"

"ಮರೆಯಲ್ಲಿ ಮುರಿದ್ರು ಅನ್ನೋದೇ ತಾನೆ ನಿಮ್ಮ ದೂರು?" ಎಂದಳು ಅತ್ತಿಗೆ ಏಣಿಯ ಮೇಲಿನಿಂದ. "ಈಗ ಎದುರಿಗೇ ಮಾಡ್ತಿದೀನಿ, ನೋಡಿ."

ಅವರು ನೋಡಿದರು. ಇಡೀ ಬೀದಿಯೇ ನೋಡಿತು. ಅತ್ತಿಗೆ ಬರೆಯುವುದನ್ನು ನೋಡುವುದೆಂದರೆ, ಕತ್ತಲ ಕೋಣೆಗೆ ಯಾರೋ ನಿಧಾನವಾಗಿ ಬೆಳಕು ತರುವುದನ್ನು ನೋಡಿದ ಹಾಗೆ. ಮೊದಲು ಕೆಂಪು ಮಣ್ಣಿನ ಬಣ್ಣದಲ್ಲಿ ಒಂದು ಗೆರೆ, ಅದೇ ಗಲ್ಲವಾಯಿತು. ಕೆನ್ನೆಗೆ ಆನಿಸಿದ ಅಂಗೈ ಬಂತು. ತುಟಿಯ ಒಂದು ಮೂಲೆ ಬಂತು, ಅಷ್ಟರಲ್ಲೇ ಅವಳು ಏನೋ ತುಂಟತನದ ಮಾತು ಹೇಳಲಿದ್ದಾಳೆ ಅನ್ನಿಸಿತು. ರಸ್ತೆಯ ಎರಡೂ ಕಡೆ ಬಸ್ಸುಗಳು ನಿಂತವು. ಹಾರ್ನು ಹೊಡೆದವರೇ ಇಳಿದು ಬಂದು ಕತ್ತೆತ್ತಿ ನಿಂತರು. ಯಾರೋ ಸಾಹೇಬರಿಗೂ ಒಂದು ಕುರ್ಚಿ ಕೊಟ್ಟರು, ಅವರು ಕೂತೇಬಿಟ್ಟರು.

ಸುದ್ದಿ ಮುಟ್ಟಿ ಅಮ್ಮ ಬಂದಳು. ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ, ಸೆರಗಿಗೆ ಸೂಜಿ ಚುಚ್ಚಿಕೊಂಡೇ ಬಂದಿದ್ದಳು. ಜನ ಯಾರೂ ಹೇಳದೆಯೇ ದಾರಿ ಬಿಟ್ಟರು. ಅವರು ಶಟರನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿ ಪಿಸುಗುಟ್ಟಿದರು. ಅಮ್ಮ ಏಣಿಯ ಕೆಳಗೆ ನಿಂತು ತನ್ನನ್ನು ತಾನು ನೋಡಿಕೊಂಡಳು.

"ಏನೇ, ನನ್ನ ಮೂಗು ಇಷ್ಟು ದಪ್ಪ ಇದೆಯಾ?"

"ಇದೆ" ಎಂದರು ಅಪ್ಪ, ಏಣಿ ಬಿಡದೆ.

ಕೊನೆಗೆ ಬರೆದದ್ದು ಕಣ್ಣು. ತೆರೆದ ಕಣ್ಣು, ಬೀದಿಯನ್ನು ನೇರ ನೋಡುವ, ನಿದ್ದೆಯ ಲವಲೇಶವೂ ಇಲ್ಲದ ಕಣ್ಣು. ಅತ್ತಿಗೆ ಇಳಿದು ಬಂದು ಕೈ ಒರೆಸಿಕೊಂಡಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಷ್ಟು ಹೊತ್ತು ಎಲ್ಲರೂ ನೋಡುತ್ತಿದ್ದರು, ಈಗ ಅವಳು ಎಲ್ಲರನ್ನೂ ನೋಡುತ್ತಿದ್ದಳು. ಬೇಕರಿಯವನು ಮೂಗೊರೆಸಿಕೊಂಡ.

ಇಂಥ ಕಥೆಯಲ್ಲಿ ನಗರಸಭೆ ಸೋತಿತು ಎಂದು ಹೇಳಲು ನನಗೂ ಆಸೆ. ಹಾಗಾಗಲಿಲ್ಲ. ಅತ್ತಿಗೆಯನ್ನೂ ಅಪ್ಪನನ್ನೂ ಕರೆಸಿ ವಿಚಾರಣೆ ಮಾಡಿದರು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಹೇಳಿದ ಸಮಯಕ್ಕೆ ಸರಿಯಾಗಿ ಹೋದರು. "ಸೊಸೆ ನಿಮ್ಮನ್ನ ಒತ್ತಾಯ ಮಾಡಿದ್ಲಾ?" ಎಂದು ಕೇಳಿದ್ದಕ್ಕೆ "ಇಲ್ಲ, ನಾನು ಅವಳನ್ನ ಒತ್ತಾಯ ಮಾಡಿದೆ" ಎಂದರಂತೆ. ಸಂಘದ ಕಾರ್ಯದರ್ಶಿ ಪಟ್ಟ ಹೋಯಿತು. ಎಲ್ಲ ಶಟರಿಗೂ ಮತ್ತೆ ಬೂದಿ ಬಳಿಯಬೇಕೆಂದು ಆದೇಶ ಬಂತು. ಅಂಗಡಿಯವರೆಲ್ಲ ಆಗಲಿ ಎಂದರು. ಆದರೆ ಮಳೆಯಲ್ಲಿ ಬಣ್ಣ ಹಿಡಿಯುವುದಿಲ್ಲ, ಮಳೆ ನಿಲ್ಲಲಿ ಎಂದರು. ಮಳೆ ನಿಲ್ಲುವ ತನಕ ಪ್ರತಿ ಬುಧವಾರ ಹನ್ನೊಂದಕ್ಕೆ ಟೀ ಕುಡಿಯುವ ನೆಪದಲ್ಲಿ ಒಟ್ಟಿಗೆ ಶಟರು ಎಳೆದರು. ಎಲ್ಲೆಲ್ಲಿಂದಲೋ ಜನ ಕೊಡೆ ಹಿಡಿದುಕೊಂಡು ನೋಡಲು ಬಂದರು. ಗಂಡಸರು ಬೇಗ ನೋಡಿ ಹೋಗುತ್ತಿದ್ದರು. ಹೆಂಗಸರು ನಿಲ್ಲುತ್ತಿದ್ದರು. ಕೈಯಲ್ಲಿನ ಚೀಲ ಕೆಳಗಿಟ್ಟು, ಮಲಗಿದವಳನ್ನು ನೋಡುತ್ತಾ ನಿಲ್ಲುತ್ತಿದ್ದರು.

ಮಳೆ ನಿಂತ ಮೇಲೆ ನಗರಸಭೆಯವರೇ ಬಣ್ಣದ ಯಂತ್ರ ತಂದರು. ನಮ್ಮ ಅಂಗಡಿಯ ಸರದಿ ಬಂದಾಗ ಅಪ್ಪ ಯಂತ್ರದವನಿಗೆ "ಒಂದು ನಿಮಿಷ ತಡೀಪ್ಪಾ" ಎಂದು ಅಮ್ಮನ ಕಡೆ ತಿರುಗಿದರು.

"ಹೊಡೀಲಿ ಬಿಡ್ರಿ" ಎಂದಳು ಅಮ್ಮ. "ಎಷ್ಟು ದಿನ ಅಂತ ಒಂದೇ ಮಗ್ಗುಲಾಗಿ ಮಲಗಿರ್ಲಿ? ಬೆನ್ನು ಹಿಡ್ಕೊಳುತ್ತೆ."

ಅತ್ತಿಗೆ ಎಲ್ಲರಿಗಿಂತ ಜೋರಾಗಿ ನಕ್ಕಳು. ನನಗೆ ಅಳು ಬಂದಿತ್ತು, ಅವಳಿಗೆ ಬರಲಿಲ್ಲ. "ಪರದೆ ಅಂದ್ಮೇಲೆ ಬೀಳಲೇಬೇಕು ಕಣೆ" ಎಂದಳು. ತನ್ನ ಕೆಲಸ ಉಳಿಯಬೇಕೆಂಬ ಆಸೆಯೇ ಇಲ್ಲದವಳನ್ನು ಯಾವ ನಿಯಮ ತಾನೇ ಹೆದರಿಸೀತು ಎಂದು ನಾನು ಆಗ ಅಂದುಕೊಂಡೆ. ಈಗಲೂ ಹಾಗೇ ಅಂದುಕೊಳ್ಳುತ್ತೇನೆ.

ಮುಂದಿನ ವರ್ಷ ನಗರಸಭೆಯವರು ಬದಲಾದರು. ಹೊಸಬರು ತಮ್ಮ ಕಚೇರಿಯ ಮುಂದಿನ ಗೋಡೆಗೆ ಚಿತ್ರ ಬರೆದುಕೊಡಲು ಅತ್ತಿಗೆಯನ್ನೇ ಕರೆದರು. ಅವಳು ಹೋಗಿ, ಟೀ ಕುಡಿದು, ಏನು ಬರೆಯಬೇಕೆಂದು ಅವರು ಮೊದಲೇ ತೀರ್ಮಾನಿಸಿದ್ದನ್ನೆಲ್ಲ ಕೇಳಿಸಿಕೊಂಡು, ಕೈಮುಗಿದು ಬಂದಳು. ಆ ತಿಂಗಳೇ ಒಂದು ಅಲೆಮಾರಿ ನಾಟಕ ತಂಡದವರ ಜೊತೆ ಬೇರೆ ಊರಿಗೆ ಹೊರಟಳು. ರಂಗಮಂದಿರ ಸಿಗದಿದ್ದರೆ ಮಾರುಕಟ್ಟೆಯಲ್ಲಿ, ಅಲ್ಲೂ ಬಿಡದಿದ್ದರೆ ರೈಲಿನ ಬೋಗಿಯಲ್ಲಿ ಆಡುವ ತಂಡವದು. ಅಣ್ಣ ರಜೆ ಸಿಕ್ಕಾಗಲೆಲ್ಲ ಅಲ್ಲಿಗೆ ಓಡುತ್ತಾನೆ.

ಮೊನ್ನೆ ಅಂಗಡಿಯ ಫೋನಿಗೆ ಅತ್ತಿಗೆ ಕರೆ ಮಾಡಿದಳು. ನಾನು ಎತ್ತಿ ನಾಲ್ಕು ಮಾತಾಡುವಷ್ಟರಲ್ಲಿ ಅಪ್ಪ ಕಣ್ಣಿನ ಮಸೂರ ತೆಗೆದಿಟ್ಟು, ಬಿಚ್ಚಿದ ಗಡಿಯಾರವನ್ನು ಹಾಗೇ ಬಿಟ್ಟು, ಕೈ ಚಾಚಿದರು. ಕೊಟ್ಟೆ.

"ಏನಮ್ಮ, ಆ ಊರಲ್ಲಿ ಏನೇನು ಮಾಡಬಾರದಂತೆ?" ಎಂದು ಕೇಳಿದರು.

ಆ ಕಡೆಯಿಂದ ಅತ್ತಿಗೆಯ ನಗು ನನಗೂ ಕೇಳಿಸಿತು. ಅವಳು ಹೇಳಲು ಶುರುಮಾಡಿದಳು. ಕೌಂಟರಿನ ಆಚೆ ಗಿರಾಕಿಯೊಬ್ಬರು ಕೈಗಡಿಯಾರ ಹಿಡಿದು ನಿಂತಿದ್ದರು. ಅಪ್ಪ ಅವರಿಗೆ ಸ್ವಲ್ಪ ತಡೆಯಿರಿ ಎಂದು ಕೈ ತೋರಿಸಿ, ಸ್ಟೂಲು ಎಳೆದುಕೊಂಡು ಕೂತು, ಕೇಳತೊಡಗಿದರು.